ಮಾವನ ಊರಿನ ಮೇಲೆ ಮೂರು ಸುತ್ತು

ನನ್ನ ಪ್ಯಾಂಟುಗಳನ್ನು ನೀವು ನೋಡಿಲ್ಲ, ನೋಡುವ ಪ್ರಸಂಗ ಬರುವುದೂ ಬೇಡ. ಆದರೂ ಹೇಳಿಬಿಡುತ್ತೇನೆ. ಪ್ರತಿಯೊಂದರ ಮೇಲೂ, ಬಲ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ, ಬಾಲ್ ಪೆನ್ನಿನ ನೀಲಿ ಗೀರುಗಳಿವೆ. ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕೂತರೆ ಸಾಕು, ನನ್ನ ಕೈ ತಾನಾಗಿಯೇ ಜೇಬಿನಿಂದ ಒಂದು ಚೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡು 'ನವಲೂರು 9.12, ಉಣಕಲ್ 9.21' ಎಂದು ಬರೆಯತೊಡಗುತ್ತದೆ. ಬಸ್ಸು ಗುಂಡಿಗೆ ಬಿದ್ದಾಗ ಪೆನ್ನು ಚೀಟಿಯಿಂದ ಜಾರಿ ಬಟ್ಟೆಯ ಮೇಲೆ ಹೋಗುತ್ತದೆ. ಪಕ್ಕದಲ್ಲಿ ಕೂತವರು ನನ್ನನ್ನು ತಪಾಸಣೆಯ ಸಾಹೇಬರೆಂದು ತಿಳಿದು ತಾವಾಗಿಯೇ ಟಿಕೆಟ್ ತೋರಿಸಿದ್ದೂ ಉಂಟು. ಮೊನ್ನೆ ಹೊಸ ಪ್ಯಾಂಟಿನ ಮೇಲೂ ಗೀರು ಬಿದ್ದಾಗ ನನ್ನ ಹೆಂಡತಿ ಗಿರಿಜಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕೆಳಗ ಇಳಿದು ಇಷ್ಟು ವರ್ಷ ಆತು, ಇನ್ನೂ ಹಾರಾಕತ್ತೀರೇನು?" ಎಂದಳು.

ಹೌದು, ನಾನು ಒಂದು ಕಾಲದಲ್ಲಿ ವಿಮಾನ ಹಾರಿಸುತ್ತಿದ್ದೆ. ದೊಡ್ಡದಲ್ಲ. ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ, ಇಬ್ಬರಲ್ಲೊಬ್ಬರು ದಪ್ಪಗಿದ್ದರೆ ಎರಡನೆಯವರಿಗೂ ಇಲ್ಲ, ಅಂಥದ್ದು. ನಮ್ಮ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಆಗ ಪ್ರಯಾಣಿಕರಿಗಿಂತ ಹಕ್ಕಿಗಳೇ ಹೆಚ್ಚು ಇಳಿಯುತ್ತಿದ್ದವು. ಅದರ ಒಂದು ಮೂಲೆಯಲ್ಲಿ ಕೆಲವು ವರ್ಷ ಒಂದು ಸಣ್ಣ ಫ್ಲೈಯಿಂಗ್ ಕ್ಲಬ್ ಇತ್ತು. ಈಗಿಲ್ಲ, ಹುಡುಕಿಕೊಂಡು ಹೋಗಬೇಡಿ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ವಾಲ್ವುಗಳನ್ನು ಅಳೆದು ತೂಗಿ ಪಾಸು-ನಪಾಸು ಮಾಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡದೆ ಇನ್ನೊಬ್ಬರ ತಪ್ಪು ಹಿಡಿಯುವುದೇ ಉದ್ಯೋಗ ಅನ್ನಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ತಲೆಯ ಮೇಲೆ ಗುರ್ರೆಂದು ಹೋಗುವ ಆ ಪುಟ್ಟ ವಿಮಾನ ನೋಡುತ್ತ ಎರಡು ವರ್ಷ ರೊಟ್ಟಿ ತಿಂದೆ. ಮೂರನೆಯ ವರ್ಷ ಹೋಗಿ ಹೆಸರು ಹಚ್ಚಿದೆ.

ಇದರಲ್ಲೊಂದು ಸಣ್ಣ ತೊಡಕಿತ್ತು. ನನಗೆ ದಾರಿ ಗೊತ್ತಾಗುವುದಿಲ್ಲ. ಯಾವ ದಾರಿ ಎಂದು ಕೇಳಬೇಡಿ, ಯಾವುದೂ. ಆರು ವರ್ಷದವನಿದ್ದಾಗ ಹುಬ್ಬಳ್ಳಿ ಪೇಟೆಯ ದುರ್ಗದಬೈಲಿನ ಸಂತೆಯಂಥ ಗದ್ದಲದಲ್ಲಿ ಅಪ್ಪನ ಧೋತರದ ಚುಂಗು ಹಿಡಿದುಕೊಂಡು ಅರ್ಧ ತಾಸು ಓಡಾಡಿ, ಒಂದು ಪಾತ್ರೆ ಅಂಗಡಿಯ ಮುಂದೆ ತಲೆಯೆತ್ತಿ ನೋಡಿದರೆ ಆ ಧೋತರದ ಮೇಲ್ತುದಿಯಲ್ಲಿ ಇದ್ದವರು ಬೇರೆ ಯಾರೋ ಗೃಹಸ್ಥರು. ಅವರೂ ಪಾಪ, ತಮ್ಮ ಮಗನೇ ಎಂದು ತಿಳಿದು ನನಗೆ ಬತ್ತಾಸು ಕೊಡಿಸಿದ್ದರು. ದೊಡ್ಡವನಾದ ಮೇಲೆ ಸುಧಾರಿಸಿದೆನೆಂದು ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡತನ. ನೆಲದ ಮೇಲಾದರೆ ನಮ್ಮ ಕಡೆ ಹೇಗೋ ನಡೆಯುತ್ತದೆ. ಯಾರನ್ನು ಕೇಳಿದರೂ "ಹಿಂಗ ಸೀದಾ ಹೋಗ್ರಿ, ಅಲ್ಲೇ ಯಾರನ್ನರ ಕೇಳ್ರಿ" ಎನ್ನುತ್ತಾರೆ. ಹಾಗೆ ಕೇಳುತ್ತ ಕೇಳುತ್ತ ಮನುಷ್ಯ ಕಾಶಿಗೂ ಹೋಗಬಹುದು. ಆಕಾಶದಲ್ಲಿ ಮಾತ್ರ ನಿಲ್ಲಿಸಿ ಕೇಳಲು ಒಂದು ಪಾನ್ ಅಂಗಡಿಯೂ ಇಲ್ಲ.

ಮನೆಯಲ್ಲಿ ಗಿರಿಜಾಳದು ಇನ್ನೊಂದು ರೀತಿ. ಅವಳು ನವಲಗುಂದದ ಕಡೆಯ ಎರಿ ಹೊಲದ ಮನೆಯವಳು. ಕರಿಮಣ್ಣಿನ ಆ ಬಯಲಲ್ಲಿ ಗಿಡ ಇಲ್ಲ, ಗುರುತು ಇಲ್ಲ. ಹಾಗಾಗಿ ಅಲ್ಲಿಯವರ ಬಾಯಲ್ಲಿ ಎಡ-ಬಲ ಎಂಬ ಮಾತೇ ಬರುವುದಿಲ್ಲ, ಎಲ್ಲವೂ ಮೂಡಲ, ಪಡುವಲ, ತೆಂಕಲ, ಬಡಗಲ. ಮದುವೆಯಾದ ಹೊಸದರಲ್ಲಿ "ಉಪ್ಪಿನ ಡಬ್ಬಿ ಎಲ್ಲೈತಿ?" ಎಂದು ಕೇಳಿದರೆ ಅಡುಗೆಮನೆಯಿಂದ "ಸಕ್ಕರಿ ಡಬ್ಬಿಯ ಬಡಗಲ ಬಾಜೂಕ" ಎಂದು ಉತ್ತರ ಬರುತ್ತಿತ್ತು. ನಾನು ಹೊರಗೆ ಹೋಗಿ ಸೂರ್ಯನನ್ನು ನೋಡಿ ಬಂದು ಉಪ್ಪು ಹಾಕಿಕೊಳ್ಳಬೇಕು. ಒಮ್ಮೆ ಆಫೀಸಿಗೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ, "ನಿಮ್ಮ ಮೂಡಲ ಮೀಸಿ ಸ್ವಲ್ಪ ಉದ್ದ ಆಗೇತ್ರಿ" ಎಂದಳು. ಕನ್ನಡಿಯ ಮುಂದೆ ತಿರುಗಿ ನಿಂತಾಗ ಅದು ಪಡುವಲ ಮೀಸೆಯಾಯಿತು, ನಾನು ತಪ್ಪು ಮೀಸೆ ಕತ್ತರಿಸಿಕೊಂಡೆ.

ಕ್ಲಬ್ಬಿನಲ್ಲಿ ನಮಗೆ ಕಲಿಸುತ್ತಿದ್ದವರು ಜೋಶಿ ಸರ್. ವಾಯುಪಡೆಯಿಂದ ನಿವೃತ್ತರಾಗಿ ಧಾರವಾಡದಲ್ಲಿ ಮನೆ ಮಾಡಿದವರು, ಅರವತ್ತು ದಾಟಿದವರು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಬೈಯುವಾಗ ಅವರ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು. "ನಕಾಶಿ, ದಿಕ್ಸೂಚಿ, ಗಡಿಯಾರ. ಈ ಮೂರೂ ಒಂದ ಮಾತು ಹೇಳಿದ್ರ ಮಾತ್ರ ನೀ ಅಲ್ಲಿದ್ದೀ ಪಾಟೀಲ, ಇಲ್ಲಾಂದ್ರ ನೀ ಎಲ್ಲೂ ಇಲ್ಲ" ಎನ್ನುತ್ತಿದ್ದರು. ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಗೆರೆಯ ದಿಕ್ಕನ್ನು ದಿಕ್ಸೂಚಿಯಲ್ಲಿ ಹಿಡಿದು ಹೋಗಬೇಕು. ಯಾವ ಊರು ಯಾವ ನಿಮಿಷಕ್ಕೆ ಕೆಳಗೆ ಬರಬೇಕೆಂದು ಮೊದಲೇ ಲೆಕ್ಕ ಹಾಕಿ, ಬಂದ ನಿಮಿಷವನ್ನು ತೊಡೆಗೆ ಕಟ್ಟಿಕೊಂಡ ಹಲಗೆಯ ಮೇಲೆ ಬರೆಯಬೇಕು. ನನ್ನ ಪ್ಯಾಂಟುಗಳ ಕಥೆ ಶುರುವಾದದ್ದು ಅಲ್ಲಿಂದ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಗಷ್ಟೇ ಜಿಪಿಎಸ್ ಎಂಬ ಅಂಗೈಯಗಲದ ಡಬ್ಬಿಗಳು ಬರತೊಡಗಿದ್ದವು. ಉಪಗ್ರಹಗಳ ಜೊತೆ ಮಾತಾಡಿ ನೀವು ಎಲ್ಲಿದ್ದೀರೆಂದು ಹೇಳುತ್ತದಂತೆ ಎಂದು ಕೇಳಿದಾಗ, ಈ ಯಂತ್ರವನ್ನು ಯಾರೋ ನನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ ಎನ್ನಿಸಿ ಕಣ್ಣು ತುಂಬಿ ಬಂತು. ಮುಂಬೈಯಿಂದ ಒಂದು ತರಿಸಿದೆ. ಜೋಶಿ ಸರ್‌ಗೆ ಹೇಳದೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವರ ಜೊತೆ ಹಾರಿದೆ. ಅದು ಇದ್ದಕ್ಕಿದ್ದಂತೆ ಕುಂಯ್ ಎಂದಿತು. ಸರ್ ನನ್ನ ಹೊಟ್ಟೆಯ ಕಡೆ ನೋಡಿ, "ಏನಪಾ, ಮುಂಜಾನೆ ಕಪ್ಪಿ ನುಂಗಿ ಬಂದೀಯೇನು?" ಎಂದರು. ನಾನು ಕೆಮ್ಮಿದೆ.

ಲೈಸೆನ್ಸ್ ಸಿಗಲು ನನಗೆ ಕೊನೆಯದಾಗಿ ಉಳಿದದ್ದು ಒಂಟಿ ಹಾರಾಟ. ಹುಬ್ಬಳ್ಳಿಯಿಂದ ಬಾದಾಮಿ, ಅಲ್ಲಿಂದ ಗದಗ, ಗದಗಿನಿಂದ ಮರಳಿ ಹುಬ್ಬಳ್ಳಿ. ಪಕ್ಕದಲ್ಲಿ ಸರ್ ಇರುವುದಿಲ್ಲ, ಯಾರೂ ಇರುವುದಿಲ್ಲ. ಸರಿಯಾಗಿ ಹೋಗಿ ಬಂದರೆ ಸರ್ ಸಹಿ ಹಾಕುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಲೈಸೆನ್ಸಿಗಿಂತ ಆ ಸಹಿ ಬೇಕಾಗಿತ್ತು. ಬತ್ತಾಸಿನ ಕಾಲದಿಂದ ಹೆಗಲೇರಿದ 'ದಾರಿ ತಪ್ಪುವವನು' ಎಂಬ ಹೆಸರು ನನ್ನನ್ನು ಬಿಟ್ಟಿರಲಿಲ್ಲ. ನಲವತ್ತರ ಹತ್ತಿರ ಬಂದಿದ್ದೆ. ಹೆಂಡತಿಯ ಮುಂದೆ, ಅವಳ ಊರಿನ ಮುಂದೆ, ಒಬ್ಬನೇ ಹೋಗಿ ಒಬ್ಬನೇ ಮನೆಗೆ ಬರಬಲ್ಲವನು ಎಂದು ಒಮ್ಮೆಯಾದರೂ ಅನ್ನಿಸಿಕೊಳ್ಳಬೇಕೆಂಬ ಹಂಬಲ ನನಗೆ ವಿಪರೀತ ಇತ್ತು.

ಡಿಸೆಂಬರಿನ ಒಂದು ಮುಂಜಾನೆ ಹೊರಟೆ. ಡಬ್ಬಿಯನ್ನು ಈಗ ರಾಜಾರೋಷವಾಗಿ ಎದುರಿಗಿಟ್ಟುಕೊಂಡಿದ್ದೆ. ಬಾದಾಮಿಯ ಅಕ್ಷಾಂಶ ರೇಖಾಂಶಗಳನ್ನು ಹಿಂದಿನ ದಿನವೇ ಅದಕ್ಕೆ ತಿನ್ನಿಸಿಯಾಗಿತ್ತು. ನನ್ನ ನಕ್ಷೆಯ ಗೆರೆ ನಲವತ್ತಾರು ಡಿಗ್ರಿ ಎನ್ನುತ್ತಿತ್ತು, ಡಬ್ಬಿ ಐವತ್ತೊಂಬತ್ತು ಎಂದಿತು. ಪೆನ್ಸಿಲು ಮೂಲೆ ಅಂಗಡಿಯದು, ಡಬ್ಬಿ ಮುಂಬೈಯದು. ನಾನು ಡಬ್ಬಿಯನ್ನು ನಂಬಿದೆ. ಮೂವತ್ತನಾಲ್ಕು ನಿಮಿಷಕ್ಕೆ ಬರಬೇಕಾದ ಬಾದಾಮಿ ಹದಿನೈದೇ ನಿಮಿಷಕ್ಕೆ ಬಂತೆಂದು ಡಬ್ಬಿ ಕುಂಯ್ಗುಟ್ಟಿದಾಗಲೂ ನನಗೆ ಸಂಶಯ ಬರಲಿಲ್ಲ. ಹಿಂದಿನಿಂದ ಗಾಳಿ ಚೆನ್ನಾಗಿ ತಳ್ಳಿರಬೇಕು ಎಂದುಕೊಂಡು, ನನ್ನ ಚಾಲನೆಯ ಬಗ್ಗೆ ಸಣ್ಣಗೆ ಹೆಮ್ಮೆಯನ್ನೂ ಪಟ್ಟೆ. ರೇಡಿಯೋದಲ್ಲಿ ಜೋಶಿ ಸರ್‌ಗೆ ತಿಳಿಸಿದೆ.

"ಸರ್, ಬಾದಾಮಿ ಮ್ಯಾಲೆ ಇದ್ದೀನ್ರಿ."

ಸರ್ ಗಡಿಯಾರ ನೋಡಿಕೊಂಡಿರಬೇಕು. ಆಮೇಲೆ ಮೆತ್ತಗಿನ ದನಿ ಬಂತು. "ಹೌದಾ? ಏನೇನು ಕಾಣಸ್ತದ?"

"ಗುಡ್ಡ ಅದ ಸರ್. ಕೆರಿ ಅದ."

"ಕೆಂಪ ಬಂಡಿಗಲ್ಲು?"

"ಅಷ್ಟ ಕೆಂಪ ಕಾಣವಲ್ದು ಸರ್."

"ಮತ್ತ ಗವಿಗಳು?"

ಸುತ್ತು ಹಾಕಿ ನೋಡಿದೆ. ಇನ್ನೊಂದು ಸುತ್ತು ಹಾಕಿದೆ. ಮೂರನೆಯದನ್ನೂ ಹಾಕಿದೆ. "ಇವತ್ತ ಬಂದ್ ಇರಬೇಕ್ರಿ ಸರ್" ಎಂದುಬಿಟ್ಟೆ.

"ಪಾಟೀಲ," ಎಂದರು ಸರ್, ದನಿ ಇನ್ನೂ ಮೆತ್ತಗಾಗಿತ್ತು, "ಆ ಡಬ್ಬಿ ಬಂದ್ ಮಾಡು. ದಿಕ್ಸೂಚಿ ಎರಡನೂರ ಮೂವತ್ತಕ್ಕ ಹಿಡಿ. ಉಣಕಲ್ ಕೆರಿ ಕಾಣಿಸೋ ತನಕಾ ಮಾತಾಡಬ್ಯಾಡ, ವಿಚಾರಾನೂ ಮಾಡಬ್ಯಾಡ." ಹಾಗೇ ಮಾಡಿದೆ. ಉಣಕಲ್ ಕೆರೆ ಕಂಡಾಗ ಯಾರೋ ಮನೆಯ ದೀಪ ಹಚ್ಚಿದಂತಾಯಿತು.

ಇಳಿದ ಮೇಲೆ ಸರ್ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಎರಡು ನಿಮಿಷ ಗುಂಡಿ ಒತ್ತಿ ನೋಡಿ ನಗತೊಡಗಿದರು. ನಕ್ಷೆಯಲ್ಲಿ ಬಾದಾಮಿ ಹದಿನೈದು ಡಿಗ್ರಿ ಐವತ್ತೈದು ನಿಮಿಷದಲ್ಲಿತ್ತು. ನಾನು ಡಬ್ಬಿಗೆ ಹದಿನೈದು ಬಿಂದು ಐದು ಐದು ಎಂದು ಬರೆದಿದ್ದೆ. ಡಿಗ್ರಿಗೆ ಅರವತ್ತು ನಿಮಿಷ, ನೂರಲ್ಲ. ಒಂದು ತಾಸು ಮೂವತ್ತು ನಿಮಿಷವನ್ನು ಒಂದೂವರೆ ತಾಸು ಎನ್ನುವ ಬದಲು 1.30 ತಾಸು ಎಂದಂತೆ. ಕೂದಲೆಳೆಯ ತಪ್ಪಿಗೆ ವಾಲ್ವು ತಿರುಗಿಸಿ ಕಳಿಸುವ ನಾನು ಬಾದಾಮಿಯನ್ನು ಹತ್ತು ಹದಿನಾರು ಹಳ್ಳಿಗಳ ಈಚೆಗೆ ತಂದು ಇಟ್ಟಿದ್ದೆ. "ಯಂತ್ರದ್ದ ಏನೂ ತಪ್ಪಿಲ್ಲಪಾ," ಎಂದರು ಸರ್. "ನೀ ಹೇಳಿದಲ್ಲಿಗೆ ಬರೋಬರಿ ಒಯ್ದದ. ಅದನ್ನ ಸಾಕ್ಷಿ ಅಂತ ಇಟ್ಟುಕೋ, ನ್ಯಾಯಾಧೀಶ ಅಂತ ಕೂಡಸಬ್ಯಾಡ. ಇನ್ನ ಒಂದ ಸಲ ಕಳಸ್ತೀನಿ. ಆಗಲೂ ತಪ್ಪಿದ್ರ ಸಾಕು ಮಾಡೋಣು, ನಿನ್ನ ಜೀವಾನೂ ಉಳೀತದ, ನಂದೂ ಉಳೀತದ."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಮನೆಗೆ ಬಂದರೆ ಗಿರಿಜಾ ಫೋನಿನಲ್ಲಿ ತನ್ನ ಅಪ್ಪನ ಜೊತೆ ಮಾತಾಡುತ್ತಿದ್ದಳು. ನನ್ನನ್ನು ಕಂಡು ರಿಸೀವರಿನ ಮೇಲೆ ಕೈಯಿಟ್ಟು, "ನೀವು ಇವತ್ತ ನಮ್ಮೂರ ಮ್ಯಾಲೆ ಮೂರು ಸುತ್ತು ಹಾಕಿದ್ರಂತ, ಯಾಕ?" ಎಂದಳು.

ನಾನು ಬಾದಾಮಿಯೆಂದು ತಿಳಿದದ್ದು ನವಲಗುಂದದ ಗುಡ್ಡ, ಮತ್ತು ಸುತ್ತು ಹಾಕಿದ್ದು ಆ ಗುಡ್ಡದ ಆಚೆ ಇರುವ ನನ್ನ ಮಾವನ ಊರಿನ ಮೇಲೆ! ಸ್ವಂತ ಮಾವನ ಊರು ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಾನು ಅಲ್ಲಿಗೆ ಹೋಗುವುದು ಬಸ್ಸಿನಲ್ಲಿ, ನಿದ್ದೆ ಮಾಡುತ್ತ. ಮಾವನ ಮನೆಯನ್ನು ಮಾಳಿಗೆಯ ಕಡೆಯಿಂದ ನೋಡುವ ಸಂದರ್ಭ ಎಷ್ಟು ಜನ ಅಳಿಯಂದಿರಿಗೆ ಬಂದೀತು ಹೇಳಿ.

ಆದರೆ ಮಾವನವರು ಫೋನು ಮಾಡಿದ್ದು ಬೇರೆ ಕಾರಣಕ್ಕೆ. ಆ ಸೀಮೆಯಲ್ಲಿ ವಿಮಾನ ಹಾರಿಸುವ ಅಳಿಯ ಇರುವುದು ಅವರೊಬ್ಬರಿಗೇ. ಬಂದವನು ನಾನೇ ಎಂಬುದರಲ್ಲಿ ಊರಿಗೆ ಸಂಶಯವಿರಲಿಲ್ಲ. ಅಳಿಯ ಊರ ತನಕ ಬಂದ, ಮೂರು ಸುತ್ತು ಹಾಕಿದ, ಕೆಳಗೆ ಇಳಿಯಲಿಲ್ಲ, ಚಹಾ ಕುಡಿಯಲಿಲ್ಲ, ಹಾಗೇ ತಿರುಗಿ ಹೋದ. ಇದರ ಅರ್ಥ ನಮ್ಮ ಕಡೆ ಒಂದೇ. ಅಳಿಯನಿಗೆ ಸಿಟ್ಟು ಬಂದಿದೆ. ವಿಮಾನ ಇಳಿಯಲು ಜಾಗ ಬೇಕು ಎಂಬ ಮಾತು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಊರ ತುಂಬ ಹೊಲಗಳಿದ್ದವಲ್ಲ. ಅತ್ತೆಯವರು ಕೂತು ಆಲೋಚಿಸಿ, ದೀಪಾವಳಿಗೆ ನನಗೆ ಉಡುಗೊರೆ ಕೊಟ್ಟ ಧೋತರದ ಅಂಚು ಸಣ್ಣದಾಗಿತ್ತು, ಅದೇ ಕಾರಣ ಎಂದು ಕಂಡುಹಿಡಿದಿದ್ದರು. ಮಾವನವರ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಅಳಿಯಂದಿರಿಗೆ ಹೇಳವಾ, ತಪ್ಪಾಗೇತಿ ಅಂತ. ಅಂಚು ನಾ ನೋಡಲಾರದ ತಂದೆ."

ಇಲ್ಲಿ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಸುಮ್ಮನಿದ್ದೆ. ದಾರಿ ತಪ್ಪಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟಾಗಿದ್ದೇನೆ ಎಂದು ಅವರು ತಿಳಿದುಕೊಳ್ಳುವುದು ಸುಲಭವಾಗಿತ್ತು. ಸಿಟ್ಟಿಗೇಳುವುದು ಅಳಿಯನಿಗೆ ಒಪ್ಪುವ ಗುಣ, ಬಾದಾಮಿ ಸಿಗದೆ ಒದ್ದಾಡುವುದು ಅಲ್ಲ. ಮುಂದಿನ ವಾರ ಬಸ್ಸಿನ ಕಂಡಕ್ಟರರ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಬಂತು. ಅದರ ಮುಂದಿನ ವಾರ ಕರದಂಟು. ನಾನು ಗಂಭೀರ ಮುಖ ಮಾಡಿಕೊಂಡು ಎರಡನ್ನೂ ತಿಂದೆ. ಜನವರಿಯಲ್ಲಿ ಮಾವನವರೇ ಬಸ್ಸು ಹತ್ತಿ ಬಂದು ಅಂಗೈಯಗಲ ಅಂಚಿನ ಹೊಸ ಧೋತರವನ್ನು ನನ್ನ ಮುಂದಿಟ್ಟು, ನಾನು ಮುಟ್ಟುವ ತನಕ ನೀರೂ ಕುಡಿಯದೆ ಕೂತರು. ಆಗ ನನಗೆ ನಾಚಿಕೆಯಾಯಿತು. ನೆಲ ಬಿರಿದರೆ ಒಳಗೆ ಹೋಗುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ.

ಗಿರಿಜಾಳಿಗೆ ಎಲ್ಲ ಗೊತ್ತಾಗಿತ್ತು. ನನ್ನ ಮುಖದಲ್ಲಿ ಏನಿದೆ ಎಂದು ತಿಳಿಯಲು ಅವಳಿಗೆ ಯಾವ ಡಬ್ಬಿಯೂ ಬೇಕಾಗಿಲ್ಲ. ಎರಡನೆಯ ಹಾರಾಟದ ದಿನ ಗೊತ್ತಾದ ಮೇಲೆ ಒಂದು ಭಾನುವಾರ ಅವಳು ಗೋಡೆಗೆ ಅಂಟಿಸಿದ್ದ ನನ್ನ ನಕ್ಷೆಯನ್ನು ಕಿತ್ತು ಪಡಸಾಲೆಯ ನೆಲದ ಮೇಲೆ ಹಾಸಿದಳು. ಹಾಸಿ, ಅರ್ಧ ತಿರುಗಿಸಿದಳು.

"ನಕಾಶಿ ಗ್ವಾಡಿ ಮ್ಯಾಲೆ ಇಟ್ರ ಬಾದಾಮಿ ಮಾಳಿಗಿ ಕಡೆ ಹೋಗತೈತಿ. ಮೊದಲ ಅದರ ಬಡಗಲ ನಮ್ಮ ಬಡಗಲಕ್ಕ ಹಚ್ರಿ," ಎಂದಳು. ಹುಬ್ಬಳ್ಳಿಯ ಮೇಲೆ ಒಂದು ಲಿಂಬೆಹಣ್ಣು ಇಟ್ಟಳು, ತನ್ನ ಊರಿನ ಮೇಲೆ ಒಂದು ಬೆಲ್ಲದ ಚೂರು. "ಹಿಂಗ ನಿಂದರ್ರಿ. ಈಗ ನಡೀರಿ."

ನಾನು ಹುಬ್ಬಳ್ಳಿಯಿಂದ ಬಾದಾಮಿಗೆ ನಾಲ್ಕು ಹೆಜ್ಜೆ ನಡೆದೆ. ಅವಳು ಪಕ್ಕದಲ್ಲೇ ನಡೆಯುತ್ತ ಹೇಳಿದಳು. "ನೀವು ಊರು ಹುಡುಕತೀರಿ. ಊರು ಎಲ್ಲಾ ಒಂದ ಥರ ಕಾಣತಾವು. ಮಣ್ಣ ನೋಡ್ರಿ. ನಮ್ಮೂರ ತನಕಾ ಎರಿ, ಕರ್ರಗ ಇರತೈತಿ. ಅದರ ಮುಂದನೂ ಕರ್ರಗ. ಹೊಳಿ ದಾಟಿದ ಮ್ಯಾಲೆ ಕೆಂಪ ಶುರು ಆಗತೈತಿ. ಕೆಂಪ ಕಾಣೂ ತನಕಾ ಬಾದಾಮಿ ಅಂತ ಬಾಯಿ ತಗೀಬ್ಯಾಡ್ರಿ."

"ಗಾಳಿ ಎತ್ತಿಂದ ಬರತೈತಿ ಅಂತ ಹೆಂಗ ತಿಳೀಬೇಕು?" ಎಂದೆ. ಡಬ್ಬಿಗೂ ಅದೊಂದು ಗೊತ್ತಾಗುತ್ತಿರಲಿಲ್ಲ.

"ಕಡಲಿ ಕಣ ನಡದಿರತಾವಲ್ಲ. ತೂರುವಾಗ ಹೊಟ್ಟು ಎತ್ತಾಗ ಹೋಗತೈತಿ ನೋಡ್ರಿ. ನಮ್ಮಪ್ಪನ ಸೂರಿಪಾನ ಹೊಲ ನಮ್ಮೂರ ತೆಂಕಲಕ್ಕ ಐತಿ, ಹಳದಿ. ಅದನ್ನ ಬರಕೋರಿ." ಸೂರ್ಯಕಾಂತಿಗೆ ಅವರೆಲ್ಲ ಸೂರಿಪಾನ ಎನ್ನುತ್ತಾರೆ. ನಾನು ಶ್ರದ್ಧೆಯಿಂದ 'ಹಳದಿ ಹೊಲ' ಎಂದು ನಕ್ಷೆಯಲ್ಲಿ ಬರೆದುಕೊಂಡೆ.

ಹಾರಾಟದ ಹಿಂದಿನ ದಿನ ಸಂಜೆ ಅವಳು ತವರಿಗೆ ಫೋನು ಹಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ. "ಅಪ್ಪಾ, ನಾಳೆ ಮುಂಜಾನೆ ಇವರು ಮತ್ತ ನಮ್ಮೂರ ಮ್ಯಾಲೆ ಹಾಯ್ದು ಹೋಗತಾರ. ಸೀದಾ ಹೋದ್ರ ಎಲ್ಲಾ ಛಲೋ ಐತಿ ಅಂತ ತಿಳಕೋ. ಸುತ್ತು ಹಾಕಾಕತ್ರ ಸಿಟ್ಟಲ್ಲ, ದಾರಿ ತಪ್ಪ್ಯಾರ. ಹೋದ ಸಲಾನೂ ಅದ ಆಗಿತ್ತು."

ನಾನು ಹೌಹಾರಿದೆ. "ಊರಿಗೆ ಊರನ ಹೇಳಿಬಿಟ್ಟೆಲ್ಲ!"

"ನಮ್ಮವ್ವ ಎರಡು ತಿಂಗಳಿಂದ ಧೋತರದ ಅಂಚಿನ ಸಲುವಾಗಿ ಸರಿ ಊಟ ಮಾಡಿಲ್ಲ," ಎಂದಳು ಗಿರಿಜಾ. ನಗುತ್ತಿರಲಿಲ್ಲ. "ನಿಮ್ಮ ಮಾನ ದೊಡ್ಡದೋ, ಆಕಿ ಊಟ ದೊಡ್ಡದೋ?" ನಾನು ಪೆನ್ಸಿಲು ಚೂಪು ಮಾಡುತ್ತ ಕೂತೆ.

ಫೆಬ್ರುವರಿಯ ಆ ಮುಂಜಾನೆ ಸರಿಯಾಗಿ ಒಂಬತ್ತಕ್ಕೆ ನೆಲ ಬಿಟ್ಟೆ. ತೊಡೆಯ ಮೇಲೆ ಹಲಗೆ, ಎದುರಿಗೆ ದಿಕ್ಸೂಚಿ, ಪಕ್ಕದಲ್ಲಿ ಈ ಸಲ ಸರ್ ಎದುರೇ ಮೂರು ಸಲ ತಿದ್ದಿದ ಡಬ್ಬಿ. ಗೆರೆಯೂ ಡಬ್ಬಿಯೂ ಎರಡೂ ನಲವತ್ತಾರು ಎಂದಾಗ ನೆಂಟಸ್ತನ ಕುದುರಿದಷ್ಟು ಸಂತೋಷವಾಯಿತು. ಆದರೆ ಸಂತೋಷ ಹದಿನೈದು ನಿಮಿಷವೂ ಉಳಿಯಲಿಲ್ಲ. ಮಾವನ ಊರು 9.14ಕ್ಕೆ ಬರಬೇಕು. 9.14 ಆಯಿತು, ಊರು ಬರಲಿಲ್ಲ. ಹಳದಿ ಹೊಲವಂತೂ ಎಲ್ಲಿಯೂ ಇಲ್ಲ, ಎಲ್ಲ ಕಡೆ ಕರ್ರಗೆ. ದಿಕ್ಸೂಚಿ ನಲವತ್ತಾರನ್ನೇ ತೋರಿಸುತ್ತಿತ್ತು, ಡಬ್ಬಿ ಮಾತ್ರ ನೀನು ಗೆರೆಯಿಂದ ಎಡಕ್ಕೆ ಸರಿದಿದ್ದೀ ಎನ್ನುತ್ತಿತ್ತು. ಮೂರು ಜನ ಮೂರು ಮಾತು. ಎದೆಯಲ್ಲಿ ದುರ್ಗದಬೈಲಿನ ಆ ಆರು ವರ್ಷದವನು ಅಳಲು ಶುರುಮಾಡಿದ್ದ. ಒಂದು ಸುತ್ತು ಹಾಕಿ ನೋಡಿಬಿಡೋಣ ಎಂದು ಕೈ ತುಡಿಯಿತು. ಆದರೆ ಸುತ್ತು ಹಾಕುವಂತಿಲ್ಲ, ಊರೇ ಕಾಯುತ್ತಿದೆ.

ಆಗ ಕಣಗಳು ಕಂಡವು. ಎರಡು ಸಾವಿರ ಅಡಿಯ ಮೇಲಿನಿಂದ ಹೊಟ್ಟು ಕಾಣುತ್ತದೆಯೇ ಎಂದು ಕೇಳಿದರೆ, ಒಂದು ಕಣದ್ದು ಕಾಣದು. ಆದರೆ ಕಡಲೆಯ ಸುಗ್ಗಿಯಲ್ಲಿ ಸಾಲು ಸಾಲು ಕಣಗಳಲ್ಲಿ ಒಮ್ಮೆಲೇ ತೂರುವಾಗ ಪ್ರತಿ ಕಣದಿಂದಲೂ ಒಂದೊಂದು ತೆಳ್ಳಗಿನ ಮಸುಕು ಏಳುತ್ತದೆ. ಎಲ್ಲ ಮಸುಕುಗಳೂ ಪಡುವಲಕ್ಕೆ ವಾಲಿದ್ದವು. ಎಂದರೆ ಗಾಳಿ ಮೂಡಲದಿಂದ ಬರುತ್ತಿದೆ, ಅರ್ಧ ಎದುರಿಗೆ, ಅರ್ಧ ಪಕ್ಕಕ್ಕೆ! ಅದಕ್ಕೇ ತಡವಾಗಿದೆ, ಅದಕ್ಕೇ ಎಡಕ್ಕೆ ಸರಿದಿದ್ದೇನೆ. ಗಡಿಯಾರವೂ ಸುಳ್ಳು ಹೇಳಿರಲಿಲ್ಲ, ದಿಕ್ಸೂಚಿಯೂ ಹೇಳಿರಲಿಲ್ಲ, ಡಬ್ಬಿಯೂ ಹೇಳಿರಲಿಲ್ಲ. ನಾನೇ ಗಾಳಿಯಿಲ್ಲದ ಲೋಕದ ಲೆಕ್ಕ ಹಾಕಿಕೊಂಡು ಬಂದಿದ್ದೆ. ಮೂಗನ್ನು ಬಲಕ್ಕೆ, ಕ್ಷಮಿಸಿ, ಮೂಡಲಕ್ಕೆ ತಿರುಗಿಸಿದೆ. ಇನ್ನು ಆ ಹಳದಿ ಹೊಲ. ಡಿಸೆಂಬರಿನಲ್ಲಿ ಹೂ ಬಿಟ್ಟದ್ದು ಫೆಬ್ರುವರಿಯಲ್ಲಿ ಕೊಯ್ಲಾಗಿ ಮಾರಾಟವಾಗಿರುತ್ತದೆ ಎಂದು ಎರಿ ಹೊಲದ ಮಗಳಿಗೂ ನೆನಪಾಗಿರಲಿಲ್ಲ. ಈ ಒಂದು ವಿಷಯವನ್ನು ನಾನು ವರ್ಷಕ್ಕೊಮ್ಮೆಯಾದರೂ ಅವಳಿಗೆ ನೆನಪಿಸುತ್ತೇನೆ.

9.17ಕ್ಕೆ ಊರು ಬಂತು. ಮಾಳಿಗೆಗಳ ಮೇಲೆ, ಕಟ್ಟೆಗಳ ಮೇಲೆ, ಶಾಲೆಯ ಬಯಲಿನಲ್ಲಿ ಎಲ್ಲ ಕಡೆ ಜನ. ನಾನು ಸುತ್ತು ಹಾಕುತ್ತೇನೋ ಇಲ್ಲವೋ ಎಂದು ನೋಡಲು ಊರಿಗೆ ಊರೇ ರೊಟ್ಟಿ ಬಿಟ್ಟು ಎದ್ದು ಬಂದಿತ್ತು. ರೆಕ್ಕೆಯನ್ನು ಸ್ವಲ್ಪ ಅಲುಗಿಸಿ ನಮಸ್ಕಾರ ಹೇಳಬೇಕೆಂದು ಬಹಳ ಆಸೆಯಾಯಿತು. ಆದರೆ ಅಲುಗಿಸುವುದಕ್ಕೆ ಏನು ಅರ್ಥ ಎಂದು ಗಿರಿಜಾ ಅವರಿಗೆ ಹೇಳಿರಲಿಲ್ಲ. ಕತ್ತು ಸೆಟೆಸಿಕೊಂಡು ಸೀದಾ ಹೋದೆ. ಹೊಳೆ ದಾಟಿತು. ಕಪ್ಪು ಮುಗಿದು ಕೆಂಪು ಬಂತು, ಬಂಡೆಗಳು ಬಂದವು, ಬಂಡೆಗಳ ನಡುವೆ ಕೆರೆ ಬಂತು. ಬಾದಾಮಿಯನ್ನು ನೋಡಿ ಅಷ್ಟು ಸಂತೋಷಪಟ್ಟವರು ಪ್ರವಾಸಿಗರಲ್ಲೂ ಇರಲಿಕ್ಕಿಲ್ಲ. ಅಲ್ಲಿಂದ ಗದಗ, ಗದಗಿನಿಂದ ರೈಲು ಹಳಿಯ ಗುಂಟ ಹುಬ್ಬಳ್ಳಿ.

ಇಳಿದಾಗ ಜೋಶಿ ಸರ್ ನನ್ನ ಹಲಗೆಯನ್ನು ಕೇಳಿದರು. "ನವಲಗುಂದದ ಕಡೆ ಎಷ್ಟಕ್ಕ ಇದ್ದೀ?"

"ಒಂಬತ್ತು ಹದಿನೇಳು ಸರ್. ಮೂರು ನಿಮಿಷ ತಡ. ಮೂಡಲ ಗಾಳಿ ಇತ್ತು."

"ನಿನ್ನ ಮಾವ ಕ್ಲಬ್ಬಿಗೆ ಫೋನ್ ಮಾಡಿದ್ರು," ಎಂದರು ಸರ್. "ಒಂಬತ್ತು ಹದಿನೇಳಕ್ಕ ಸೀದಾ ಹೋದ್ರು, ಸುತ್ತು ಹಾಕಲಿಲ್ಲ ಅಂತ ಹೇಳಿ, ನನಗ ಅಭಿನಂದನಾನೂ ಮಾಡಿದ್ರು. ಇಂಥಾ ವೀಕ್ಷಣಾ ಕೇಂದ್ರ ನಮ್ಮ ವಾಯುಪಡೆಗೂ ಇದ್ದಿದ್ದಿಲ್ಲ." ಪೆನ್ನು ತೆಗೆದು ಸಹಿ ಹಾಕಿದರು. ಮಸಿ ಆರುವ ತನಕ ನಾನು ಆ ಪುಟವನ್ನು ಮುಚ್ಚಲಿಲ್ಲ.

ಲೈಸೆನ್ಸ್ ಕೈಗೆ ಬರಲು ಕೆಲವು ತಿಂಗಳು ಹಿಡಿಯಿತು. ಬಂದ ಮೇಲೆ ಮೊದಲ ಪ್ರಯಾಣಿಕಳಾಗಿ ಗಿರಿಜಾಳನ್ನು ಕೂರಿಸಿಕೊಂಡೆ. ನೆಲ ಬಿಟ್ಟಾಗ ಕಣ್ಣು ಮುಚ್ಚಿದವಳು ನವಲಗುಂದದ ಗುಡ್ಡ ಕಂಡ ಮೇಲೆ ಕಿಟಕಿಗೆ ಮೂಗು ಹಚ್ಚಿಬಿಟ್ಟಳು. ಹೊಲ, ಬಾವಿ, ತಾನು ಕಲಿತ ಶಾಲೆ ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ತವರಿಗೆ ಹೇಳದೆ ಬಂದಿದ್ದೆವು. "ಒಂದ ಸುತ್ತು ಹಾಕ್ರೆಲಾ," ಎಂದಳು, "ಅವ್ವ ಕಾಣಸ್ತಾಳೇನು ನೋಡತೇನಿ." ನಾನು ಈಗ ಸಹಿಯಾದ ಮನುಷ್ಯ. ಸ್ವಲ್ಪ ಕೆಳಗಿಳಿಸಿ ಒಂದು ಸುತ್ತು ಹಾಕಿದೆ. ಅವ್ವ ಅಂಗಳಕ್ಕೆ ಬರುವುದರೊಳಗೆ ದಾಟಿಹೋಗಿದ್ದೆವು, ಎರಡನೆಯದು ಹಾಕಿದೆ. ಮೂರನೆಯದನ್ನು ನಾನಾಗಿಯೇ, ಖುಷಿಗೆ ಹಾಕಿದೆ.

ಕೆಳಗೆ ಗಡಿಬಿಡಿ ಶುರುವಾಯಿತು. ಜನ ಮನೆಗಳಿಂದ ಶಾಲೆಯ ಬಯಲಿಗೆ ಓಡಿ ಬರುತ್ತಿದ್ದರು. ಮೊದಲು ನಮಗೆ ತಿಳಿಯಲಿಲ್ಲ. ನೋಡುತ್ತಿದ್ದಂತೆ ಬಯಲಿನ ನಡುವೆ ಉದ್ದಕ್ಕೆ ಒಂದು ಬಿಳಿಯ ಗೆರೆ ಮೂಡಿತು. ಇಬ್ಬರು ಬಟ್ಟೆಯ ಎರಡು ತುದಿ ಹಿಡಿದು ಜಗ್ಗಿ ನಿಂತಿದ್ದರು. ಉಳಿದವರೆಲ್ಲ ಒಂದು ತುದಿಯಲ್ಲಿ ಗುಂಪಾಗಿ ನಿಂತು, ಗಂಡಸರು ಹೆಂಗಸರು ಎನ್ನದೆ, ಒಂದೇ ಕಡೆ ಕೈ ಚಾಚಿದ್ದರು. ನೈರುತ್ಯಕ್ಕೆ. ದಿಕ್ಸೂಚಿ ನೋಡಿದೆ. ಆ ಬಿಳಿ ಗೆರೆ ಹುಬ್ಬಳ್ಳಿಯ ನೆತ್ತಿಗೆ ನೆಟ್ಟಗಿತ್ತು.

"ಅಯ್ಯ, ಅದು ಅಪ್ಪನ ರುಮಾಲ್ರೀ," ಎಂದಳು ಗಿರಿಜಾ. ನಗುತ್ತಿದ್ದವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. "ತಲೀಮ್ಯಾಲಿಂದ ಬಿಚ್ಯಾನ. ಮಂದಿ ಮುಂದ ಅಪ್ಪ ರುಮಾಲ ತಗದಿದ್ದ ನಾ ಹುಟ್ಟಿದಾಗಿಂದ ನೋಡಿಲ್ಲ."

ನಾನು ದಾರಿ ತಪ್ಪಿಲ್ಲ ಎಂದು ಅವರಿಗೆ ಹೇಳಲು ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ವಿಮಾನವನ್ನು ಆ ಗೆರೆಯ ಮೇಲೆ ತಂದು, ಮಾವ ತೋರಿಸಿದ ದಾರಿ ಹಿಡಿದು ಮನೆಗೆ ಬಂದೆ.